ಪಿಯಾನೋ ಸಮರದ ಲಾಡಿದಾನ

ಎಲೈ ನಾದಲೋಲರೇ, ಕಿವಿಯೊಳಗಿನ ಹತ್ತಿ ತೆಗೆದಿಟ್ಟು ಕೇಳಿರಿ! ನುಸಿ, ಇಲಿ, ತುಕ್ಕುಗಳೆಂಬ ತ್ರಿವಿಧ ದೈತ್ಯರು ಸಕಲ ವಾದ್ಯಕುಲವನ್ನು ಮೆಲ್ಲುತ್ತಿದ್ದ ಕರಾಳಯುಗದಲ್ಲಿ, ಧಾರವಾಡವೆಂಬ ಸಂಗೀತಸಾಮ್ರಾಜ್ಯದ ಹೆಬ್ಬಳ್ಳಿ ಅಗಸಿಯ ಬಳಿ, ಎಸ್ತೇರವ್ವ ಟೀಚರರ ಪಡಸಾಲೆಯಲ್ಲಿ, ಅಷ್ಟಾಶೀತಿದಂತವಿರಾಜಿತವೂ ಮೂಷಕಕುಲಾಶ್ರಯವೂ ಆದ ಪಿಯಾನೋವೊಂದು ಗೋಡೆಗೊರಗಿ ಕೊನೆಯುಸಿರೆಳೆಯುತ್ತಿತ್ತು. ನಿಂತೇ ಸಾಯುವುದು ಅದರ ಕುಲಧರ್ಮ.

ನಲವತ್ತು ವರ್ಷ ಚರ್ಚಿನ ಗಾಯಕರನ್ನು ಅದರ ಮುಂದೆಯೇ ಪಳಗಿಸಿದ ಟೀಚರಿಗೆ ಸಭೆಯ ಹಿರಿಯ ಮನೋಹರಪ್ಪ ಅಂತಿಮ ಶಾಸನ ಹೊರಡಿಸಿದ್ದ: "ಶನಿವಾರ ಐದಕ್ಕ ಬಂದು ಕೇಳ್ತೇನ್ರಿ. ನುಡೀಲಿಲ್ಲಂದ್ರ ಬ್ಯಾಟರಿ ಕೀಬೋರ್ಡ ತರತೇವಿ. ಅದನ್ನ ನುಡಸವ್ರೂ ಬ್ಯಾರೆ ಬರತಾರ." ಅಂದಿನಿಂದ ಟೀಚರಿಗೆ ಅನ್ನ ಸೇರಿರಲಿಲ್ಲ.

ಶನಿವಾರ ಅವತರಿಸಿದನು, ತಾಂಬೂಲರಂಜಿತವದನನೂ ಇಕ್ಕಳಪಾಣಿಯೂ ಆದ ಹಾರ್ಮೋನಿಯಂ ಪೇಟಿ ರಿಪೇರಿಯ ದಸ್ತಗೀರಸಾಬ!

"ನನ್ನ ಕೈಗೆ ಸಿಕ್ಕ ಪೇಟಿ ಸತ್ತದ್ದ ಇಲ್ರಿ ಬಾಯಾರ! ಇದೂ ಪೇಟಿನ. ಕುಂತಿತ್ತು, ಎದ್ದ ನಿಂತೈತಿ, ಅಷ್ಟ!"

ಇದನ್ನು ಕೇಳಿ ಟೀಚರರ ಪತಿ, ನಿವೃತ್ತ ಪೋಸ್ಟ್‌ಮಾಸ್ಟರ್ ಕರುಣಾಕರ ಉಳ್ಳಾಗಡ್ಡಿ, ಎದೆ ತಟ್ಟಿ ಗರ್ಜಿಸಿದನು: "ಎಸ್ತೇರಾ, ಈ ಪಿಯಾನೋ ಉಳೀತದಂದ್ರ ನನ್ನ ಮೈಮ್ಯಾಲಿನ ಅರಿವಿ ಸೈತ ಕೊಡ್ತೇನಿ!"

ಯುದ್ಧ ಶುರುವಾಯಿತು. ತಂತಿಗೆ ಬಡಿದ ಸುತ್ತಿಗೆಯನ್ನು ಹಿಂದಕ್ಕೆಳೆಯುವ ಬಟ್ಟೆಯ ಪುಟ್ಟ ಪಟ್ಟಿಗಳೆಲ್ಲ ನುಸಿ ತಿಂದು ಉದುರಿದ್ದವು. ಸುತ್ತಿಗೆಗಳು ಒಂದಕ್ಕೊಂದು ತೆಕ್ಕೆಬಿದ್ದು ಮಲಗಿದ್ದವು. ದಸ್ತಗೀರಸಾಬನು ಒಮ್ಮೆ ಎಡತುದಿಯಿಂದ, ಒಮ್ಮೆ ಬಲತುದಿಯಿಂದ ದಾಳಿಯಿಡುತ್ತ ಹೊಸ ಪಟ್ಟಿ ಕಟ್ಟುತ್ತ ಬಂದನು. ಕತ್ತರಿ ಕಚಕಚಿಸಿತು. ಅಂಟು ಗಡ್ಡಕ್ಕೂ ಹತ್ತಿತು.

ಹಾ ವಿಧಿಯೇ! ಹಾರ್ಮೋನಿಯಂ ಲೆಕ್ಕದಲ್ಲಿ ಸಪ್ತಕಕ್ಕೆ ಹನ್ನೆರಡರಂತೆ ಏಳು ಸಪ್ತಕಕ್ಕೆ ಎಂಬತ್ತನಾಲ್ಕೇ ಪಟ್ಟಿ ತಂದಿದ್ದ ವೀರನೆದುರು ಪಿಯಾನೋ ತನ್ನ ಎಂಬತ್ತೆಂಟೂ ಹಲ್ಲು ಕಿರಿಯಿತು. ನಟ್ಟನಡುವಿನ ನಾಲ್ಕು ಬರಿದು! ಅವಿಲ್ಲದೆ ಒಂದು ಕೀರ್ತನೆಯೂ ಏಳದು. ಐದಕ್ಕೆ ಹತ್ತೇ ನಿಮಿಷ. ಟೀಚರರ ಕಣ್ಣು ತುಂಬಿತು. ತುಂಬಿದ ಆ ಕಣ್ಣು ಗಂಡನ ಪಾಯಿಜಾಮದ ಹೊಸ ಲಾಡಿಯ ಮೇಲೆ ನೆಟ್ಟಿತು.

"ತಗೀರಿ," ಎಂದರು.

"ಎಸ್ತೇರಾ, ಅದು ಮಾತಿಗೆ ಅಂದದ್ದು..."

"ತಗೀರಿ ಅಂದೆ."

ವೀರಾಗ್ರಣಿ ಉಳ್ಳಾಗಡ್ಡಿಯು ಲಾಡಿಯನ್ನು ಎಳೆದು ಕೊಟ್ಟು, ಎಡಗೈಯಲ್ಲಿ ಸೊಂಟ ಹಿಡಿದನು. ಕೊನೆಯ ಪಟ್ಟಿ ಬಿಗಿಯುವುದಕ್ಕೂ ಮನೋಹರಪ್ಪ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಇನ್ನು ಒಳಗೆ ಹೋಗಿ ಬಟ್ಟೆ ಬದಲಿಸುವ ಮಾತೆಲ್ಲಿ?

ಟೀಚರು ನುಡಿಸಿದರು. ಎಂಬತ್ತೆಂಟು ಸುತ್ತಿಗೆಗಳೂ ಬಡಿದವು, ಬಡಿದು ಹಿಂದಿರುಗಿದವು. ಕೀರ್ತನೆಗೆ ಎಲ್ಲರೂ ಎದ್ದು ನಿಂತರು. ಉಳ್ಳಾಗಡ್ಡಿಯೂ ಸೊಂಟದ ಮೇಲೆ ಕೈಯಿಟ್ಟು ದಂಡನಾಯಕನಂತೆ ನಿಂತನು. ಹಾಡು ಮುಗಿದಾಗ ಮನೋಹರಪ್ಪ ಮುಂದೆ ಬಂದು ಪಿಯಾನೋದ ಬೆನ್ನು ತಟ್ಟಿದನು.

"ಕೀಬೋರ್ಡ ಬ್ಯಾಡ್ರಿ ಬಾಯಾರ. ನೀವ ನುಡಸರಿ. ಬರ್ರಿ, ಪ್ರಾರ್ಥನಾ ಮಾಡೋಣು."

ಆತ ಕಣ್ಣು ಮುಚ್ಚಿ ಕೈ ಜೋಡಿಸಿದ. ಟೀಚರೂ ಹಾಗೆಯೇ ಮಾಡಿದರು. ಜನ್ಮದ ಅಭ್ಯಾಸಬಲದಿಂದ ಉಳ್ಳಾಗಡ್ಡಿಯೂ ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದನು.

ಭೂಮಿ ನಡುಗಲಿಲ್ಲ, ಸಮುದ್ರ ಉಕ್ಕಲಿಲ್ಲ. ಪಾಯಿಜಾಮ ಇಳಿಯಿತು.

ಕಂಡವನು ಸಾಮಾನು ಕಟ್ಟುತ್ತಿದ್ದ ದಸ್ತಗೀರಸಾಬನೊಬ್ಬನೇ. ತುದಿಗಾಲಲ್ಲಿ ಬಂದು ಕಿವಿಯಲ್ಲಿ ಉಸುರಿದನು: "ಸಾಹೇಬ್ರ, ಬೆರಳುದ್ದದ ನಾಕ ತುಂಡ ಅಷ್ಟ ಬೇಕಾಗಿತ್ರಿ. ಉಳದ ಲಾಡಿ ಇಲ್ಲೇ ನನ್ನ ಕಿಸೆದಾಗ ಐತಲ್ರಿ."

ಮನೋಹರಪ್ಪನ ಪ್ರಾರ್ಥನೆ ಇನ್ನಷ್ಟು ಉದ್ದವಾಗಲಿ ಎಂದು ಉಳ್ಳಾಗಡ್ಡಿ ಜೀವಮಾನದಲ್ಲಿ ಮೊದಲ ಸಲ ಮನಸಾರೆ ಪ್ರಾರ್ಥಿಸಿದನು.