ಬಿಸಿ ತೋರಿಸುವ ಡಬ್ಬವೂ ಅರವತ್ತು ಮೊಟ್ಟೆಯೂ

ಕೆಲವರು ತಂತಿ ಮುಟ್ಟಿದರೆ ದೀಪ ಹತ್ತುತ್ತದೆ. ನಾನು ಮುಟ್ಟಿದರೆ ಯಾರಾದರೂ ಹೆದರುತ್ತಾರೆ. ಎಂಬತ್ತರ ದಶಕದಲ್ಲಿ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಮೀಟರ್ ರಿಪೇರಿ ಮಾಡುತ್ತಿದ್ದೆ, ರಜಾ ದಿನ ಮೈಕ್ರೋಪ್ರೊಸೆಸರ್ ಕಿಟ್ ಹಿಡಿದು ಕೂರುತ್ತಿದ್ದೆ. ಅಲ್ಲಿನ ಫಿಟ್ಟರ್ ಒಬ್ಬ ಕೋಗಿಲು ಎಂಬ ಊರಿನವನು. ಅವನ ಹೆಂಡತಿ ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ ಅರವತ್ತು ನಾಟಿಕೋಳಿ ಮೊಟ್ಟೆ ಇಟ್ಟು ಮರಿ ಮಾಡಿಸಲು ಹೊರಟಿದ್ದಳು. ಮೊಟ್ಟೆಗಳು ಅಕ್ಕಪಕ್ಕದ ಐದು ಮನೆಯವು. ಅರ್ಧ ಮರಿ ವಾಪಸು ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಪೆಟ್ಟಿಗೆಯೊಳಗಿನ ಬಿಸಿಯನ್ನು ಅಂಕಿಯಲ್ಲಿ ತೋರಿಸುವ ಡಬ್ಬ ಮಾಡಿಕೊಡುತ್ತೇನೆಂದು ನಾನು ಜಂಬದಿಂದ ಒಪ್ಪಿಕೊಂಡೆ.

ಅಮ್ಮ ಮನುಷ್ಯಳಲ್ಲ

ಮೊದಲ ಪರೀಕ್ಷೆ ಸಹಕಾರನಗರದ ನಮ್ಮ ಮನೆಯ ಹಾಲಿನಲ್ಲಿ. ಸಂಜೆ ಕರೆಂಟು ಕ್ಷೀಣವಾಗಿ ಟ್ಯೂಬ್‌ಲೈಟ್ ಹತ್ತದೆ ಮಿಣುಕುತ್ತಿತ್ತು. ಮಬ್ಬಿನಲ್ಲಿ ಡಬ್ಬದ ಕೆಂಪು ಅಂಕಿ ಮಾತ್ರ ಉರಿಯುತ್ತಿತ್ತು: 300. ಬಿಸಿ ಅಳೆಯಲು ನಾನು ತಂದ ಸೆನ್ಸರ್ ಲೋಕದ ಕಟ್ಟಕಡೆಯ ಚಳಿಯಿಂದ ಎಣಿಸಲು ಶುರುಮಾಡುವ ಜಾತಿಯದು. ಅದರಲ್ಲಿ ಇನ್ನೂರ ಎಪ್ಪತ್ತಮೂರು ಕಳೆದರೆ ನಮ್ಮ ಸೆಂಟಿಗ್ರೇಡ್. ನಾನು ಕಳೆದಿರಲಿಲ್ಲ.

ಅಮ್ಮ ಕುರ್ಚಿ ಎಳೆದುಕೊಂಡು ಡಬ್ಬದ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದು ಈ ರೂಮಿನ ಬಿಸಿನೇನೋ?"

"ಹೂಂ ಅಮ್ಮ."

"ಮುನ್ನೂರು ಡಿಗ್ರೀಲಿ ನಾನು ಶಾಲು ಹೊದ್ಕೊಂಡು ಕೂತಿದ್ದೀನಿ ಅಂದ್ರೆ, ನಾನು ಮನುಷ್ಯಳೇ ಅಲ್ಲ ಕಣೋ."

ಪಕ್ಕದ ಮನೆಯ ಹೆಣ

ಕಳೆಯುವ ಲೆಕ್ಕ ಸೇರಿಸುವ ಗಡಿಬಿಡಿಯಲ್ಲಿ ಇನ್ನೊಂದನ್ನು ಅಳಿಸಿಬಿಟ್ಟೆ. ಯಂತ್ರ ಎಣಿಸುವುದು ಹದಿನಾರರ ಲೆಕ್ಕದಲ್ಲಿ. ಅದನ್ನು ನಮ್ಮ ಹತ್ತರ ಲೆಕ್ಕಕ್ಕೆ ತಾರದಿದ್ದರೆ ಮೂವತ್ತೇಳನ್ನು ಎರಡು ಹದಿನಾರು, ಮೇಲೆ ಐದು ಎಂದು ಎಣಿಸಿ 25 ಎಂದು ತೋರಿಸುತ್ತದೆ. ಇದು ನನಗೆ ಹೊಳೆಯುವ ಮೊದಲೇ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಬಂದು ಸೆನ್ಸರನ್ನು ಕಂಕುಳಲ್ಲಿ ಇಟ್ಟುಕೊಂಡರು. ಇಪ್ಪತ್ತೈದು. ಗೋಡೆಯ ಮೇಲಿನ ಹಳೇ ಥರ್ಮಾಮೀಟರಿನಲ್ಲೂ ಇಪ್ಪತ್ತೈದು.

ಅವರ ಮುಖ ಬಿಳಿಚಿಕೊಂಡಿತು. "ಮೈ ಬಿಸಿ, ಕೋಣೆ ಬಿಸಿ ಒಂದೇ ಆದವರಿಗೆ ನಾವು ಆಸ್ಪತ್ರೇಲಿ ಮುಖದ ತನಕ ಬಟ್ಟೆ ಎಳೀತಿದ್ವಿ ಕಣ್ರೀ," ಎಂದರು. ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು. ಅದರಲ್ಲೂ ನಂಬಿಕೆ ಬರಲಿಲ್ಲ. ಕಾಂಪೌಂಡ್ ಗೋಡೆಯ ಮೇಲಿಂದ ಹೆಂಡತಿಯನ್ನು ಕೂಗಿದರು, "ಲೇ, ಬೆಳಿಗ್ಗೆ ನಾನು ಕಾಫಿ ಕುಡಿದ್ನೇನೇ?"

"ಕುಡಿದ್ರಿ. ಸಕ್ಕರೆ ಕಮ್ಮಿ ಅಂತ ಬೈದೂ ಆಯ್ತು!"

"ಸದ್ಯ," ಎಂದು ಅವರು ಕುರ್ಚಿಗೆ ಒರಗಿದರು, "ಸತ್ತವರು ಸಕ್ಕರೆ ಕೇಳಲ್ಲ."

ಕೂಗುವ ತಿಪ್ಪೆ

ಹೆಬ್ಬಾಳದಲ್ಲಿ ಕೋಳಿ ವಿಚಾರ ಬಲ್ಲವರೊಬ್ಬರು ಫಿಟ್ಟರನ ಹೆಂಡತಿಗೆ "ಬಿಸಿ ನೂರು ಇರಬೇಕು" ಎಂದು ಚೀಟಿ ಬರೆದುಕೊಟ್ಟಿದ್ದರು. ಅದು ಫ್ಯಾರನ್‌ಹೀಟ್ ನೂರು. ಡಬ್ಬವನ್ನು ಹಾಗೆಯೇ ಮಾಡಿ ಕೊಟ್ಟೆ. ಮರಿ ಹೊರಬರಲು ಬೇಕಾದ ಇಪ್ಪತ್ತೊಂದು ದಿನದಲ್ಲಿ ಹತ್ತೊಂಬತ್ತು ದಿನ ಅದು ಚೊಕ್ಕವಾಗಿ ನೂರು ತೋರಿಸಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ದೇಶವೆಲ್ಲ ಸೆಂಟಿಗ್ರೇಡಿಗೆ ಬಂದಿರುವಾಗ ನನ್ನ ಡಬ್ಬ ಹಿಂದುಳಿಯುವುದೇ? ಆ ಶನಿವಾರ ಹೋಗಿ ಡಬ್ಬದೊಳಗೆ ಲೆಕ್ಕ ಮಾಡುವ ಚಿಪ್ ಬದಲಿಸಿದೆ. ನೂರು ಹೋಗಿ ಮೂವತ್ತೆಂಟು ಬಂತು, ಬಿಸಿ ಮಾತ್ರ ಅದೇ. ಫಿಟ್ಟರ್ ಶಿಫ್ಟಿಗೆ ಹೋಗಿದ್ದ, ಅವನ ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿದ್ದ ಅವನ ತಾಯಿ ನಿದ್ದೆಯಲ್ಲಿದ್ದಳು. ಬಸ್ಸು ಬಂತೆಂದು ಯಾರಿಗೂ ಹೇಳದೆ ಓಡಿದೆ.

ಸೋಮವಾರ ಬೆಳಿಗ್ಗೆ ಫಿಟ್ಟರ್ ಎದುರಾದ. "ಮೊಟ್ಟೆ ಎಲ್ಲಾ ಸತ್ತೋದ್ವು ಸಾರ್. ಡಬ್ಬ ನೂರಿಂದ ಮೂವತ್ತೆಂಟಕ್ಕೆ ಬಿದ್ದೋಗಿತ್ತು. ನೆನ್ನೆ ತಿಪ್ಪೇಲಿ ಊತಾಕ್ಬಿಟ್ಟೆ."

ನಾನು ಅವನ ತೋಳು ಹಿಡಿದೆ. "ಮುಟ್ಟಿ ನೋಡಲಿಲ್ವೇನಯ್ಯ?"

"ನೋಡ್ದೆ, ಬೆಚ್ಚಗೇ ಇದ್ವು. ಆದ್ರೆ ಕೈ ನಂಬ್ಬೇಡ, ಮೀಟರ್ ನಂಬು ಅಂತ ನೀವೇ ಏಳಿದ್ರಲ್ಲ ಸಾರ್."

ಇಬ್ಬರೂ ರಜೆ ಹಾಕಿ ಕೋಗಿಲಿಗೆ ಹೊರಟೆವು. ದಾರಿಯುದ್ದಕ್ಕೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ತಲುಪಿದಾಗ ಇನ್ನೂ ಮಂಜು ಕರಗಿರಲಿಲ್ಲ. ತಿಪ್ಪೆಯಿಂದ ಹಬೆ ಏಳುತ್ತಿತ್ತು. ತವರಿಂದ ಆಗಷ್ಟೇ ಬಂದಿದ್ದ ಹೆಂಡತಿ, ಐದು ಮನೆಯವರಿಗೆ ಏನು ಹೇಳಲಿ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ನೆಲದೊಳಗಿಂದ ಸಣ್ಣ ದನಿ ಬಂತು. ಒಂದಲ್ಲ, ಹತ್ತಾರು. ಮಣ್ಣಿನಡಿ ಯಾರೋ ಕೂಸುಗಳು ಅಳುತ್ತಿರುವಂತಿತ್ತು.

ಫಿಟ್ಟರನ ತಾಯಿ ಕೋಲು ಅಡ್ಡ ಹಿಡಿದಳು. "ಸತ್ತೋದ ಜೀವ ಕೂಗ್ತಾವೆ ಕಣ್ಲಾ. ಯಾರೂ ಅತ್ರ ಓಗ್ಬೇಡಿ!"

ನಾವಿಬ್ಬರು ಗಂಡಸರು ಆ ಮಾತನ್ನು ತಕ್ಷಣ ಪಾಲಿಸಿದೆವು. ಹೆಂಡತಿ ಮಾತ್ರ ಅತ್ತೆಯನ್ನು ದಾಟಿ ಹೋಗಿ ಎರಡೂ ಕೈಯಲ್ಲಿ ಗೊಬ್ಬರ ಬಗೆದಳು. ಒದ್ದೆ ಪುಕ್ಕದ ಮರಿಯೊಂದು ಅವಳ ಅಂಗೈಗೆ ಉರುಳಿತು. ಹಿಂದೆ ಇನ್ನೊಂದು, ಮತ್ತೊಂದು. ಎಣಿಸಿದರೆ ನಲವತ್ತೊಂದು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಕುತೂಹಲ ತಡೆಯಲಾರದೆ ಡಬ್ಬ ತಂದು ಸೆನ್ಸರನ್ನು ತಿಪ್ಪೆಗೆ ಚುಚ್ಚಿದೆ. ಮೂವತ್ತೆಂಟು.

"ಅಯ್ಯೋ, ತಿಪ್ಪೇನೂ ಸತ್ತೋಯ್ತು ಸಾರ್!" ಎಂದು ಫಿಟ್ಟರ್ ಚೀರಿದ.

ಇನ್ನು ಮುಚ್ಚಿಡಲಾಗದೆ, ಚಿಪ್ ಬದಲಿಸಿದ್ದನ್ನೂ ಅದನ್ನು ಹೇಳದೆ ಹೋದದ್ದನ್ನೂ ಒಪ್ಪಿಕೊಂಡೆ. ಅವನ ಹೆಂಡತಿ ಮಡಿಲ ತುಂಬ ಮರಿ ಹೊತ್ತು ಎದ್ದು ನಿಂತು, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಡಬ್ಬ ಸರ್ಯಾಗೈತೆ, ತಿಪ್ಪೇನೂ ಸರ್ಯಾಗೈತೆ. ರಿಪೇರಿಗೆ ಬಂದಿರೋರು ನೀವಿಬ್ರೇಯ."