ನಾಲ್ಕು ಎಲೆಯ ಆಯೇರಿ

ದೇವದುರ್ಗದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ಕೆಲಸ ಬಿಲ್ಲು ಬರೆಯುವುದೇ ಆದರೂ, ಜಾಲಹಳ್ಳಿ, ಗಬ್ಬೂರು ಕಡೆಯ ರೈತರು ಮುದುಡಿದ ಮೆಣಸಿನಕಾಯಿ ಎಲೆ ತಂದು ಮೊದಲು ತೋರಿಸುವುದು ನನಗೇ. ನಾನು ಎಲೆಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಔಷಧ ಹೇಳುತ್ತೇನೆ. ಅವರು "ಡಾಕ್ಟರ್ ಸಾಹೇಬ್ರ" ಎನ್ನುತ್ತಾರೆ. ನಾನು ಬೇಡ ಎಂದಿಲ್ಲ.

ಇಂಥ ನನಗೆ ಒಂದು ಬೆರಳುದ್ದದ ಗಿಡ ಮಣ್ಣು ಮುಕ್ಕಿಸೀತು ಎಂದು ಯಾರಿಗೆ ಗೊತ್ತಿತ್ತು?

ನನ್ನ ಹೆಂಡತಿ ಮಹಾದೇವಿಯ ಅಣ್ಣ ಅಮರೇಶಣ್ಣನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಅವನು ಹೊಸ ಮನೆ ಕಟ್ಟಿಸಿದ್ದ. ಮೇ ತಿಂಗಳಲ್ಲಿ ಗೃಹಪ್ರವೇಶ. ನಮ್ಮ ಕಡೆ ಇಂಥ ಕಾರ್ಯಗಳಲ್ಲಿ ಬೀಗರು ಕೊಡುವ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಕೊಟ್ಟವರ ಊರು, ಹೆಸರು, ಕೊಟ್ಟ ವಸ್ತು, ಮೂರನ್ನೂ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಕೊಡುವವನ ಮಾನ ಕೂಗುವವನ ಗಂಟಲಲ್ಲಿರುತ್ತದೆ.

ಹಿಂದೆ ಅಮರೇಶಣ್ಣನ ಮಗಳ ಮದುವೆಗೆ ನಾನು ಗೋಡೆ ಗಡಿಯಾರ ಒಯ್ದಿದ್ದೆ. ನಮಗಿಂತ ಮುಂಚೆ ಆರು ಗಡಿಯಾರ ಬಂದಿದ್ದವು. ಮೈಕಿನವನಿಗೆ ಸಾಕಾಗಿ, "ದೇವದುರ್ಗದ ಅಳಿಯಂದ್ರು... ಇದೂ ಗಡಿಯಾರ!" ಎಂದುಬಿಟ್ಟ. ಮಂಟಪವೆಲ್ಲ ನಕ್ಕಿತು. ಅವತ್ತು ಮಹಾದೇವಿ ಊಟದ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತದ್ದನ್ನು ನಾನಿನ್ನೂ ಮರೆತಿಲ್ಲ.

"ಈ ಸಲಾರ ಮೈಕಿನ್ಯಾಗ ನಮ್ಮ ಹೆಸರು ಕೇಳಿ ಮಂದಿ ಹೊಳ್ಳಿ ನೋಡಂಗ ಏನಾರ ಕೊಡೂಣ್ರಿ" ಎಂದಳು.

ಅವಳು ಹೀಗೆ ಬಾಯಿಬಿಟ್ಟು ಕೇಳುವುದು ಅಪರೂಪ. ನಾನು ಗಂಭೀರವಾಗಿ ಮೊಬೈಲಿನಲ್ಲಿ ಸಂಶೋಧನೆಗಿಳಿದೆ. ನಮ್ಮ ಮಿತಿ ಎರಡು ಸಾವಿರ. ಅದರೊಳಗೆ ಬೆಳ್ಳಿ ಬರುವುದಿಲ್ಲ, ಬಂದರೂ ಕಾಣುವುದಿಲ್ಲ. ಹಾಗೆ ಹುಡುಕುವಾಗ ಕಂಡದ್ದು ಸ್ಲಿಪ್ಪರ್ ಆರ್ಕಿಡ್! ಹಸಿರು, ಕಂದು, ನೇರಳೆ ಗೆರೆಗಳ ಹೂವು. ಅದರ ಮುಂದೆ ಪುಟ್ಟ ಚಪ್ಪಲಿಯ ತುದಿಯಂಥ ಚೀಲ. ಇಡೀ ರಾಯಚೂರು ಜಿಲ್ಲೆಯಲ್ಲಿ ಯಾರ ಮನೆಯಲ್ಲೂ ಇರಲಿಕ್ಕಿಲ್ಲ!

"ಚಪ್ಪಲಿ ಹೂವಾ?" ಮಹಾದೇವಿ ಕನ್ನಡಕ ಏರಿಸಿದಳು. "ಹೊಸ ಮನಿಗೆ ಚಪ್ಪಲಿ ಒಯ್ದು ಕೊಡ್ತೀರೇನು?"

"ಶ್ರೀಮಂತರ ಹೂವು ಮಾದೇವಿ ಇದು. ನಿಮ್ಮಣ್ಣ ಕೈ ಮುಗಿದು ತಗೋತಾನ, ನೋಡು."

ಹೂಬಿಟ್ಟ ಒಂದು ಗಿಡಕ್ಕೆ ನಮ್ಮ ಮಿತಿಯ ಎರಡು ಪಟ್ಟು ಬೆಲೆ. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ಸೀಡ್ಲಿಂಗ್, ಮೂರು ಸಸಿ, ನಮ್ಮ ಮಿತಿಯೊಳಗೇ! ಸಸಿ ಎಂದರೆ ನನಗೆ ಹೇಳಿಕೊಡಬೇಕೆ? ಮೆಣಸಿನಕಾಯಿ ಸಸಿ ನೆಲಕ್ಕಿಟ್ಟು ನಲವತ್ತು ದಿನಕ್ಕೆ ಹೂವಾಡುತ್ತದೆ. ಗೃಹಪ್ರವೇಶಕ್ಕೆ ಅರವತ್ತು ದಿನ ಇತ್ತು. ಇಪ್ಪತ್ತು ದಿನ ಕೈಯಲ್ಲಿ ಉಳಿಯುತ್ತದೆ! ಹೂವಿಗೆ ದುಡ್ಡು ಕೊಡುವ ಪಟ್ಟಣದವರ ದಡ್ಡತನಕ್ಕೆ ಮರುಗಿ, ಸಸಿಗೆ ಆರ್ಡರ್ ಹಾಕಿದೆ. ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೂವಿನ ಫೋಟೋವನ್ನು ಅಮರೇಶಣ್ಣನಿಗೂ ಕಳಿಸಿದೆ!

ಅವನು ತಕ್ಷಣ ಫೋನ್ ಮಾಡಿದ. "ಅಳ್ಯಾರ, ಭಾರಿ ಅದ ಬಿಡ್ರಿ! ಹಾಲಿನ್ಯಾಗ ಇದಕ್ಕಂತ ಒಂದು ಗೂಡು ಮಾಡಿಸ್ತೀನಿ. ಗ್ರಾನೈಟ್ ಹಾಕಿಸಿ, ಮ್ಯಾಲೆ ಲೈಟ್ ಬಿಡಸ್ತೀನಿ."

ಪಾರ್ಸೆಲ್ ರಾಯಚೂರಿನವರೆಗೆ ಮಾತ್ರ ಬರುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಹೋಗಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪೆಟ್ಟಿಗೆಗೆ ತೂತುಗಳಿದ್ದವು. ಪಕ್ಕದ ಮುದುಕಿ ಗಬ್ಬೂರಿನಲ್ಲಿ ಇಳಿಯುವವರೆಗೂ, "ಕೋಳಿಮರಿ ಜ್ವಾಕಿ ಯಪ್ಪಾ, ಉಸಿರುಗಟ್ಟ್ಯಾವು" ಎಂದು ಎಚ್ಚರಿಸುತ್ತಲೇ ಇದ್ದಳು.

ಮನೆಗೆ ಬಂದು ಬಿಚ್ಚಿದೆವು. ಕೋಳಿಮರಿಯೇ ದೊಡ್ಡದಿರುತ್ತಿತ್ತು. ಬೆರಳುದ್ದದ ಮೂರು ಸಸಿ, ಒಂದೊಂದಕ್ಕೆ ನಾಲ್ಕು ಎಲೆ. ಜೊತೆಗೊಂದು ಚೀಟಿ: ಮಣ್ಣಿನಲ್ಲಿ ನೆಡಬೇಡಿ, ತೊಗಟೆ ಚೂರಿನಲ್ಲಿ ನೆಡಿ, ಗೊಬ್ಬರ ಬೇಡ, ತಂಪಿರಲಿ.

"ಮಣ್ಣಿಲ್ಲದ ಗಿಡ ಬೆಳೀತದೇನು? ಇವರೆಲ್ಲ ಪುಸ್ತಕ ಓದಿದ ಮಂದಿ!" ಎಂದು ಚೀಟಿಯನ್ನು ಮಡಚಿಟ್ಟೆ. ಮೊದಲನೆಯ ಸಸಿಯನ್ನು ಒಳ್ಳೆಯ ಎರೆ ಮಣ್ಣಿನಲ್ಲಿ ನೆಟ್ಟು, ಪ್ರೀತಿಯಿಂದ ಒಂದು ಚಿಟಿಕೆ ಡಿಎಪಿ ಗೊಬ್ಬರ ಹಾಕಿದೆ. ಐದನೆಯ ದಿನ ಅದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಆರನೆಯ ದಿನ ಇರಲಿಲ್ಲ.

ಚೀಟಿಯನ್ನು ಹುಡುಕಿ ತೆಗೆದೆ. ಉಳಿದ ಎರಡನ್ನು ತೊಗಟೆಯಲ್ಲಿ ನೆಟ್ಟೆ. ಆದರೆ ತಂಪು? ನಮ್ಮೂರ ಬೇಸಿಗೆಯಲ್ಲಿ ನಲ್ಲಿಯ ನೀರಿಗೆ ನೇರವಾಗಿ ಚಹಾಪುಡಿ ಹಾಕಬಹುದು. ಮನೆಯಲ್ಲಿದ್ದ ಒಂದೇ ಕೂಲರನ್ನು ಸಸಿಗಳ ಕಡೆ ತಿರುಗಿಸಿದೆ.

"ಮನಷ್ಯಾರು ಬೆವತು ಸಾಯಾಕತ್ತೀವಿ, ಅದಕ್ಕ ಕೂಲರಾ?" ಮಹಾದೇವಿ ಬೀಸಣಿಗೆ ಹಿಡಿದು ಕೇಳಿದಳು.

"ಇನ್ನ ಒಂದೂವರಿ ತಿಂಗಳು ತಡಕೋ. ನಿನ್ನ ಮರ್ಯಾದಿ ಪ್ರಶ್ನೆ ಅದ!"

ಅವಳು ತಡೆದುಕೊಂಡಳು. ತಡೆದುಕೊಳ್ಳದವಳು ನಮ್ಮವ್ವ. ಅವಳು ದಿನಾ ಲಿಂಗಪೂಜೆ ಮಾಡಿ, ಆ ನೀರನ್ನು ಯಾರೂ ತುಳಿಯದಂತೆ ಅಂಗಳದ ಗಿಡದ ಬುಡಕ್ಕೆ ಹಾಕುವವಳು. ಆದರೆ ಅಂಗಳದ ಪರಸಿ ಕಲ್ಲು ಕಾದು ಕಾಲಿಡುವಂತಿರಲಿಲ್ಲ. ಕೂಲರಿನ ಮುಂದೆ ತಣ್ಣಗೆ ಒಂದು ಗಿಡ ಇರುವಾಗ ಅಂಗಳಕ್ಕೇಕೆ ಹೋಗಬೇಕು? ಹಾಲು, ವಿಭೂತಿ ಬೆರೆತ ನೀರನ್ನು ಹತ್ತು ದಿನ ಭಕ್ತಿಯಿಂದ ಎರಡನೆಯ ಸಸಿಯ ನಡುನೆತ್ತಿಗೇ ಎರೆದಳು. ನೆತ್ತಿಯಲ್ಲಿ ನೀರು ನಿಂತರೆ ಈ ಗಿಡ ಕೊಳೆಯುತ್ತದಂತೆ. ಕೊಳೆಯಿತು.

"ಯವ್ವಾ, ಏನ್ ಮಾಡಿದಿಬೇ!" ಎಂದು ಕೂಗಿದೆ.

"ಲಿಂಗದ ನೀರಿಗೆ ಸಾಯೋ ಗಿಡ ಅದೆಂಥಾ ಗಿಡಾನೋ! ಅಂಥಾದ್ದು ಮನ್ಯಾಗ ಇರಬಾರದು ಬಿಡು" ಎಂದು ಅವಳು ನನಗೇ ಬೈದಳು.

ಮೂರನೆಯದನ್ನು ಎದೆಗವಚಿಕೊಂಡು ಅಂಗಡಿಯ ಗೋದಾಮಿಗೆ ಸಾಗಿಸಿದೆ. ಅಲ್ಲಿ ಕತ್ತಲೂ ಇತ್ತು, ತಂಪೂ ಇತ್ತು. ಮಹಾದೇವಿ ದಿನಾ ಕೇಳುವಳು, "ಮೊಗ್ಗಿ ಬಂತೇನ್ರಿ?" ನಾನು, "ಬರಾಕತ್ತದ" ಎನ್ನುವೆ. ನಲವತ್ತನೆಯ ದಿನ ಎಲೆ ನಾಲ್ಕು. ಐವತ್ತನೆಯ ದಿನವೂ ನಾಲ್ಕು! ಗೃಹಪ್ರವೇಶಕ್ಕೆ ಮೂರು ದಿನ ಇದ್ದಾಗ ತಡೆಯಲಾರದೆ ಸಸಿ ಮಾರಿದವರಿಗೆ ಫೋನ್ ಮಾಡಿದೆ.

"ಸೀಡ್ಲಿಂಗ್ ಅಲ್ವಾ ಸರ್? ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕು ವರ್ಷಕ್ಕೆ ಹೂ ಬರುತ್ತೆ" ಎಂದಿತು ಒಂದು ಸೌಮ್ಯ ದನಿ.

"ನಲವತ್ತು ದಿನ ಅಲ್ಲೇನ್ರಿ?"

"ಯಾರು ಹೇಳಿದ್ರು ಸರ್ ನಿಮಗೆ?"

ಹೇಳಿದವರ ಹೆಸರನ್ನು ನಾನು ಬಹಿರಂಗಪಡಿಸಲಿಲ್ಲ. ಫೋನ್ ಇಟ್ಟೆ.

ಆಗಲಾದರೂ ಹೆಂಡತಿಗೆ ನಿಜ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಅವಳು ಆಗಲೇ ಓಣಿಗೆಲ್ಲ ಹೇಳಿ, ಹೂವಿನ ಬಣ್ಣಕ್ಕೆ ಹೊಂದುವ ನೇರಳೆ ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. ನಾನು ಕುಂಡದ ಸುತ್ತ ಬಿದಿರುಕಡ್ಡಿ ನಿಲ್ಲಿಸಿ, ಎರಡಡಿ ಎತ್ತರಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿಬಿಟ್ಟೆ. ನೋಡಿದವರಿಗೆ ಒಳಗೊಂದು ತೋಟವೇ ಇದ್ದಂತೆ! ಮೈಕಿನಲ್ಲಿ ಹೆಸರು ಕೂಗಲಿ, ಕಾಗದ ಬಿಚ್ಚುವ ಹೊತ್ತಿಗೆ ನಾವು ಬಸ್ಸಿನಲ್ಲಿರೋಣ ಎಂಬುದು ನನ್ನ ಯೋಜನೆ.

ಮಾನ್ವಿಯ ಹೊಸ ಮನೆಯ ಹಾಲಿನಲ್ಲಿ ಗ್ರಾನೈಟಿನ ಗೂಡು ಫಳಫಳ ಹೊಳೆಯುತ್ತಿತ್ತು. ಲೈಟ್ ಆಗಲೇ ಹಚ್ಚಿಟ್ಟಿದ್ದರು. ಅಮರೇಶಣ್ಣ ನನ್ನ ಕೈಯಿಂದ ಕುಂಡ ತೆಗೆದುಕೊಂಡು, "ಇದನ್ನ ಎಲ್ಲಾರ ಮುಂದ ಬಿಚ್ಚಬೇಕ್ರಿ ಅಳ್ಯಾರ!" ಎಂದು ನೇರವಾಗಿ ಮೈಕಿನವನ ಕೈಗೇ ಕೊಟ್ಟ.

"ದೇವದುರ್ಗದ ಅಳಿಯಂದ್ರು ವೀರಭದ್ರಪ್ಪನವರಿಂದ..." ಮೈಕಿನವನು ಕೂಗುತ್ತ ಕಾಗದ ಹರಿದ. ಇನ್ನೂ ಹರಿದ. ಒಳಗೆ ಇಣುಕಿದ. ಮೈಕ್ ಚಾಲೂ ಇರುವಂತೆಯೇ ಕೇಳಿದ:

"ಸಾಹೇಬ್ರ, ಇದೇನ್ರಿ?"

"ಆರ್ಕಿಡ್."

"ಹೂ ಎಲ್ಲ್ಯದ್ರಿ?"

"ಬರ್ತದ."

"ಯಾವಾಗ್ರಿ?"

ನಾನು ಬಾಯೊಳಗೇ ಗೊಣಗಿದೆ. ದರಿದ್ರ ಮೈಕು ಅದನ್ನೂ ಹಿಡಿಯಿತು. "ನಾಲ್ಕು ವರ್ಷಕ್ಕ."

ಹಿಂದಿನ ಸಾಲಿನ ಹಿರಿಯರೊಬ್ಬರು, "ಅಲ್ಲೀತನ ನಾ ಇರ್ತೀನೋ ಇಲ್ಲೋ, ಊಟಕ್ಕರ ಹಾಕ್ರಪ್ಪಾ!" ಎಂದರು. ಮನೆಯ ಹೊಸ ಗೋಡೆಗಳು ಬಿರುಕು ಬಿಡುವಂತೆ ಜನ ನಕ್ಕರು.

ನಾನು ಮಹಾದೇವಿಯ ಕಡೆ ನೋಡಿದೆ. ಅವಳ ಮುಖ ಸೀರೆಯ ಬಣ್ಣಕ್ಕೇ ತಿರುಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಕೇಳಿದ್ದು ಒಂದೇ ಒಂದು ಮಾತಿನ ಗೌರವ. ಅದನ್ನು ನನ್ನ ಕೈಯಾರೆ ಎರಡನೇ ಸಲ ಹಾಳುಮಾಡಿದ್ದೆ.

ಅವಳು ಎದ್ದಳು. ಸೆರಗು ಸರಿಮಾಡಿಕೊಂಡು ಹೋಗಿ ಮೈಕ್ ಇಸಿದುಕೊಂಡಳು. ಮೈಕ್ ಮುಟ್ಟಿದ್ದು ಅವಳ ಜನ್ಮದಲ್ಲೇ ಮೊದಲು!

"ಅಣ್ಣಾ, ಎಲ್ಲಾರ ಆಯೇರಿ ಇವತ್ತಿಗೆ ಮುಗೀತು. ನಮ್ಮದು ಇವತ್ತು ಚಾಲೂ ಆತು. ಹೂ ಬಿಟ್ಟ ದಿನ ಹೋಳಿಗಿ ಊಟ ನಂದು. ಇಲ್ಲಿದ್ದೋರು ಎಲ್ಲಾರೂ ಬರ್ರಿ!"

ಜನ ಚಪ್ಪಾಳೆ ಹೊಡೆದರು. ಊಟ ಕೇಳಿದ ಹಿರಿಯರು, "ಹಂಗಾರ ಇರ್ತೀನಿ ತಗೋ ಯವ್ವಾ" ಎಂದರು. ಅಮರೇಶಣ್ಣ ಕುಂಡವನ್ನು ಗೂಡಿನಲ್ಲಿಟ್ಟ. ಅವನ ಹೆಂಡತಿ ಬಂದು ಮಹಾದೇವಿಯ ಕೈ ಹಿಡಿದುಕೊಂಡು ನಕ್ಕಳು. ಮಂದಿ ಅವಳನ್ನು ಹೊರಳಿ ಹೊರಳಿ ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ, ಸದ್ಯ!

ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಸಿರವಾರ ದಾಟಿದ ಮೇಲೆ ನಾನೇ ಬಾಯಿ ತೆರೆದೆ.

"ತಪ್ಪಾತು ಮಾದೇವಿ. ನಾಲ್ಕು ವರ್ಷ ಅಂದ್ರ ಭಾಳ ಆತು, ಅಲ್ಲ?"

"ಭಾಳೇನಲ್ಲ ಬಿಡ್ರಿ" ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ. "ನಿಮ್ಮನ್ನ ಕಟಗೊಂಡು ಇಪ್ಪತ್ತೆರಡು ವರ್ಷ ಆತು. ಇನ್ನೂ ಒಂದು ಮೊಗ್ಗಿ ಕಂಡಿಲ್ಲ. ಆದ್ರೂ ನೀರು ಹಾಕಾಕತ್ತೀನಿ."

ನಾನು ನನ್ನ ನಾಲ್ಕು ಎಲೆಗಳನ್ನು ಮಡಚಿಕೊಂಡು ಕುಳಿತೆ!