ಮರದ ಓಲೆಯನ್ನು ಒದ್ದೆ ಮಾಡಬೇಡಿ

ವಸ್ತುವಿನ ಜೊತೆ ನಿಯಮವನ್ನೂ ಕೊಟ್ಟು ಕಳಿಸಿದರೆ ವಸ್ತು ಮಾತ್ರ ಮನೆ ತಲುಪುತ್ತದೆ, ನಿಯಮ ನನ್ನ ಅಂಗಡಿಯ ಮೆಟ್ಟಿಲಲ್ಲೇ ಉಳಿಯುತ್ತದೆ. ಸುಳ್ಯ ಪೇಟೆಯಲ್ಲಿ ಅಂಗಡಿ ತೆರೆದಂದಿನಿಂದ ಇದು ತಪ್ಪದೆ ನಡೆದುಬಂದಿದೆ. ಮರ ಮತ್ತು ತೆಂಗಿನ ಗೆರಟೆಯಿಂದ, ಅಂದರೆ ಚಿಪ್ಪಿನಿಂದ, ಓಲೆ, ಮೂಗುಬೊಟ್ಟು, ಬಳೆ ಕಡೆಯುವುದು ನನ್ನ ಕೆಲಸ. ನೀರು, ಬೆವರು ತಾಗಬಾರದು, ಬಿಸಿಲಿಗಿಡಬಾರದು, ಸ್ನಾನಕ್ಕೂ ನಿದ್ರೆಗೂ ತೆಗೆಯಬೇಕು, ವಾರಕ್ಕೊಮ್ಮೆ ಒಂದು ತೊಟ್ಟು ತೆಂಗಿನೆಣ್ಣೆ. ಇಷ್ಟನ್ನು ಕೇಳಿಸಿಕೊಳ್ಳದ ಗಿರಾಕಿಯ ಕೈಗೆ ನಾನು ಮಾಲು ಕೊಡುವುದಿಲ್ಲ.

ಕೆಲಸ ಶುರುವಾದದ್ದು ಹೆಂಡತಿಯ ಕಿವಿಯಿಂದ. ಚಿನ್ನ ಹಾಕಿದರೆ ಕೀವು, ಬೆಳ್ಳಿ ಹಾಕಿದರೆ ತುರಿಕೆ. ಅವಳು ಸರ್ಕಾರಿ ಶಾಲೆಯ ಟೀಚರು. ವರ್ಗವಾಗಿ ರಾಯಚೂರು ಕಡೆಯ ಹಳ್ಳಿಯಲ್ಲಿದ್ದಾಳೆ. ದಸರಾ ರಜೆಗೊಮ್ಮೆ, ಬೇಸಗೆ ರಜೆಗೊಮ್ಮೆ ಬರುತ್ತಾಳೆ. "ಎಡಗಿವಿಯ ತೂತು ಮುಚ್ಚುತ್ತಾ ಬಂತು, ಬೇಗ ಎಂತಾದ್ರೂ ಮಾಡಿ" ಎಂದು ಫೋನಿನಲ್ಲಿ ಹೇಳಿದ ಮೇಲೆ ನನಗೆ ಅದೇ ಧ್ಯಾನ. ಬೀಟೆ ಮರದ್ದು ಮಾಡಿ ಕಳಿಸಿದೆ, ಕಿವಿ ಕೆಂಪಾಯಿತು. ಗೆರಟೆಯದ್ದು ಒಗ್ಗಿತು, ಕಡ್ಡಿ ಮುರಿಯಿತು. ಕೊನೆಗೆ ಹಲಸಿನ ಮರ ಹಿಡಿದೆ. ಕಿವಿಯೊಳಗೆ ಹೋಗುವ ಕಡ್ಡಿಯನ್ನೂ ಅದೇ ಮರದಲ್ಲಿ ತೆಗೆದು, ಕೆನ್ನೆಗೆ ಉಜ್ಜಿ ನೋಡಿ, ನಿಯಮಗಳನ್ನೆಲ್ಲ ಹೇಳಿ ಪಾರ್ಸೆಲ್ ಮಾಡಿದೆ.

"ಸಿಕ್ಕಿತು. ಜೋಪಾನವಾಗಿ ಉಂಟು" ಎಂದಳು.

ಅವಳ ಊರಿನ ನೆಟ್‌ವರ್ಕ್ ಮಾತಿಗೆ ಸಾಕು, ಮುಖಕ್ಕೆ ಸಾಲದು. ಹಾಗಾಗಿ ಆ ಹಳದಿ ಓಲೆ ಅವಳ ಕಿವಿಯಲ್ಲಿ ಹೇಗೆ ಕಾಣುತ್ತದೆಂದು ನೋಡಲು ರಜೆಯನ್ನೇ ಕಾಯಬೇಕಾಯಿತು. ಕಾಯುವಾಗ ಕಂಡ ಗಿರಾಕಿಗಳು ಇವರು.

ಎರಡನೇ ಮದ್ದು

ಪೆರಾಬೆಯ ಒಬ್ಬರು ಅಡಿಕೆ ಕೃಷಿಕರು ಹೆಂಡತಿಗೆಂದು ಕೊಂಡುಹೋದ ಓಲೆಯನ್ನು ಮಳೆಗಾಲದ ನಡುವೆ ವಾಪಸು ತಂದರು. ಓಲೆ ನೀಲಿಯಾಗಿತ್ತು. ನಾನು ನೀಲಿ ಬಣ್ಣದ ಓಲೆ ಮಾಡಿದ್ದೇ ಇಲ್ಲ.

"ಇದಕ್ಕೆ ಎಂತ ಮಾಡಿದ್ರಿ?"

"ಬೂಸ್ಟು ಬಂದಿತ್ತು ಮಾರಾಯ್ರೆ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೊದಲನೇ ಮದ್ದು ಬಿಡ್ತಾ ಇದ್ದೆವು. ಇದನ್ನೂ ಒಮ್ಮೆ ಡ್ರಮ್ಮಿಗೆ ಅದ್ದಿ ತೆಗ್ದೆ."

"ಮೈಲುತುತ್ತಿನ ದ್ರಾವಣಕ್ಕಾ?"

"ಸುಣ್ಣ ಸರಿಯಾಗಿ ಹಾಕಿದ್ದೇನೆ."

ನಾನು ಬೂಸ್ಟಿಗೆ ಒಣಬಟ್ಟೆ, ಎಣ್ಣೆ ಎಂದು ಹೇಳಿದ್ದನ್ನು ಕಟುವಾಗಿಯೇ ನೆನಪಿಸಿದೆ. ಇದು ಇನ್ನು ಮನುಷ್ಯರ ಕಿವಿಗೆ ಆಗುವುದಿಲ್ಲ ಎಂದು ಬೇರೆ ಜೋಡಿ ಕೊಟ್ಟೆ. ಅವರು ತಲೆತಗ್ಗಿಸಿ ಎಲ್ಲ ಕೇಳಿ, ಮೆಟ್ಟಿಲಿಳಿದವರು ತಿರುಗಿ ಬಂದು ತುಂಬಾ ವಿನಯದಿಂದ ಕೇಳಿದರು:

"ಹಾಗಾದ್ರೆ ಇದಕ್ಕೆ ಎರಡನೇ ಮದ್ದು ಬೇಡವಾ?"

ಎಕ್ಸ್‌ಚೇಂಜ್

ಪುತ್ತೂರಿನಿಂದ ಬಂದ ಅಮ್ಮನೊಬ್ಬರು ಗೆರಟೆಯ ಬಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ, "ನೈನ್ ಒನ್ ಸಿಕ್ಸ್ ಉಂಟಾ?" ಎಂದರು.

"ಇಲ್ಲಮ್ಮ. ಇದು ಗೆರಟೆ."

"ಹಳೆಯದು ಕೊಟ್ರೆ ಎಕ್ಸ್‌ಚೇಂಜ್ ಆದ್ರೂ ಉಂಟಾ?"

ಆ ದಿನ ಹೆಂಡತಿಯ ಫೋನು ಬಂದಿರಲಿಲ್ಲ. ತಾಳ್ಮೆ ಕಮ್ಮಿ ಇತ್ತು. "ಉಂಟು, ತನ್ನಿ" ಎಂದುಬಿಟ್ಟೆ.

ಮರುದಿನ ಅಂಗಡಿಯೆದುರು ಆಟೋ ನಿಂತಿತು. ಒಳಗೆ ಅಮ್ಮ. ಪಕ್ಕದಲ್ಲಿ ಒಂದು ಗೋಣಿ ತುಂಬ ಕಾಯಿ ತುರಿದ ಗೆರಟೆ.

"ಎಲ್ಲ ನಮ್ಮ ಮನೆಯದ್ದೇ. ಪ್ಯೂರ್" ಎಂದರು.

ಒಂದೇ ಜೋಡಿ

ಎಂಜಿನಿಯರಿಂಗ್ ಓದುವ ಹುಡುಗ. ಕಿವಿಯ ತೂತನ್ನು ಹಿಗ್ಗಿಸಿ ಬಿಲ್ಲೆ ಹಾಕಿಕೊಳ್ಳುವ ಈಗಿನ ಫ್ಯಾಶನ್ನು. ಬಂದವನೇ ಅಂಗಡಿಯಲ್ಲಿದ್ದ ಅತಿ ದೊಡ್ಡ ಮರದ ಬಿಲ್ಲೆಗೆ ಕೈ ಹಾಕಿದ.

"ಅದು ಕೊಡುದಿಲ್ಲ. ಚಿಕ್ಕದರಿಂದ ಶುರು ಮಾಡಬೇಕು. ಕಿವಿ ಪೂರ್ತಿ ಒಗ್ಗಿದ ಮೇಲೆ ಮುಂದಿನದು. ಅವಸರ ಮಾಡಿದರೆ ಹಾಲೆ ಹರಿದೀತು."

"ಅಷ್ಟರಲ್ಲಿ ನನ್ನ ಕೋರ್ಸೇ ಮುಗೀತದೆ ಸರ್!"

ಜೊತೆಗೆ ಬಂದಿದ್ದ ಅವನ ಅಜ್ಜಿ, ಕಲ್ಲುಗುಂಡಿಯವರು, ಸ್ಟೂಲಿನಲ್ಲಿ ಕುಳಿತು ಕೇಳುತ್ತಿದ್ದರು. ಅವರ ಹಾಲೆ ಹಳೆಯ ಕಾಲದ್ದು, ಭುಜದತ್ತ ಇಳಿದಿತ್ತು. ತೂತಿನಲ್ಲಿ ಏನೂ ಇರಲಿಲ್ಲ. ಸುಮ್ಮನೆ ಎದ್ದು ಬಂದು ಆ ದೊಡ್ಡ ಬಿಲ್ಲೆಗಳನ್ನು ಎತ್ತಿ ಎರಡೂ ಕಿವಿಗೆ ಸಿಕ್ಕಿಸಿಕೊಂಡರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕುಳಿತವು. ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. "ನಿನ್ನಜ್ಜ ಇರ್ಬೇಕಿತ್ತು" ಎಂದರು. ನಾನು ಒರೆಸುವ ಬಟ್ಟೆ ಹುಡುಕಿದೆ.

"ಅಜ್ಜಿ, ಅದು ನಂಗೆ!" ಎಂದ ಮೊಮ್ಮಗ.

"ನಿಂಗೇ. ನಿನ್ನ ಕಿವಿ ಬೆಳೀವವರೆಗೆ ನಾನು ಹಾಕ್ಕೊಂಡಿರ್ತೇನೆ."

ಜೋಪಾನ

ಅಂತೂ ದಸರಾ ರಜೆ ಬಂತು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತಿಗೂ ಮೊದಲೇ ನಿಂತಿದ್ದೆ. ಅವಳು ಇಳಿದಳು. ಮುಖ ನೋಡುವ ಮೊದಲು ಕಿವಿ ನೋಡಿದೆ.

ಎರಡೂ ಕಿವಿಯಲ್ಲಿ ಹಿಡಿಸೂಡಿ ಕಡ್ಡಿ, ತೆಂಗಿನ ಪೊರಕೆಯದ್ದು! ಹೊಸತಾಗಿ ಕಿವಿ ಚುಚ್ಚಿದ ಮಕ್ಕಳಿಗೆ ತೂತು ಮುಚ್ಚದಿರಲೆಂದು ಸಿಕ್ಕಿಸುತ್ತಾರಲ್ಲ, ಅದೇ ತುಂಡು.

"ಇದೆಂತದು? ನಾನು ಕಳಿಸಿದ್ದೆಲ್ಲಿ?"

ಅವಳು ಕೈಚೀಲದಿಂದ ಡಬ್ಬಿ ತೆಗೆದಳು. ಹತ್ತಿಬಟ್ಟೆಯೊಳಗೆ ನನ್ನ ಹಲಸಿನ ಓಲೆ, ಎಣ್ಣೆ ಹಚ್ಚಿ ಮಿನುಗುತ್ತಿತ್ತು.

"ಬೆವರು ತಾಗಬಾರದು, ಬಿಸಿಲಿಗೆ ಹೋಗಬಾರದು ಅಂದ್ರಿ. ರಾಯಚೂರಿನಲ್ಲಿ ಅದು ಹೇಗೆ ಮಾರಾಯ್ರೆ? ಹಾಕಿ ಹಾಳಾದ್ರೆ ನಿಮ್ಮ ಕೈಯ ಕೆಲಸ ಹೋಗ್ತದಲ್ಲ. ಹಾಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೋಡಿ, ವಾಪಸು ಇಡುದು."

ಆ ಊರಿನ ಬಿಸಿಲಲ್ಲಿ, ಬಾಡಿಗೆ ಕೋಣೆಯಲ್ಲಿ ಅವಳು ಓಲೆಯನ್ನು ನೋಡುತ್ತಾ ಕುಳಿತದ್ದು ಕಣ್ಣಿಗೆ ಕಟ್ಟಿತು. ಬಸ್‌ಸ್ಟ್ಯಾಂಡಿನಲ್ಲೇ ಕಡ್ಡಿ ತೆಗೆಸಿ ಓಲೆ ಹಾಕಿಸಿದೆ. "ಸ್ನಾನಕ್ಕೂ ತೆಗೆಯಬೇಡ. ಹಾಳಾದರೆ ಇನ್ನೊಂದು ಮಾಡ್ತೇನೆ" ಎಂದೆ. ನನ್ನ ಬಾಯಲ್ಲಿ ಬಂದ ಮಾತು ಹೌದೋ ಎಂದು ಅವಳು ಎರಡನೇ ಸಲ ಹೇಳಿಸಿದಳು. ರಜೆ ಮುಗಿಯುವುದರೊಳಗೆ ಒಂದು ಓಲೆ ಸೀಳಿತು. ನಾನು ಮಾಡಿದ ಮಾಲು ಸೀಳಿದ್ದಕ್ಕೆ ಖುಷಿಪಟ್ಟದ್ದು ಅದೊಂದೇ ಸಲ.

ಹೊರಡುವ ಹಿಂದಿನ ದಿನ ಅವಳಿಗೆ ಹೊಸ ಓಲೆಗಳನ್ನು ಕೊಟ್ಟೆ. "ಒಂದು ಹಿಡಿಸೂಡಿಯೂ ಬೇಕು. ಅಲ್ಲಿಯ ಪೊರಕೆ ಕೋಣೆಗೆ ಆಗುದಿಲ್ಲ" ಎಂದಳು. ಅಂಗಳದಲ್ಲಿ ಕುಳಿತು ತೆಂಗಿನ ಮಡಲಿನ ಕಡ್ಡಿಗಳನ್ನು ಒಂದೊಂದಾಗಿ ಹೆರೆದು, ಬುಡ ಸಮ ಮಾಡಿ ಕಟ್ಟಿದೆ. ಕಟ್ಟಿ ಮುಗಿದರೆ ಅವಳು ಹೊರಡುತ್ತಾಳೆಂದು ನಿಧಾನವಾಗಿಯೇ ಕಟ್ಟಿದೆ. ಕೈಗೆ ಕೊಡುವಾಗ ಬಾಯಿ ಕೇಳಬೇಕಲ್ಲ:

"ಒದ್ದೆ ನೆಲ ಗುಡಿಸಬೇಡ. ಬಿಸಿಲಿಗಿಡಬೇಡ. ಬುಡ ಕೆಳಗಾಗಿ ನಿಲ್ಲಿಸು."

ಅವಳು ಹಿಡಿಸೂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಳೆ ಸೀರೆಯಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು ಪೆಟ್ಟಿಗೆ ಮುಚ್ಚಿದಳು.

"ಆಯ್ತು. ಗುಡಿಸ್ಲಿಕ್ಕೆ ಬೇರೆ ತಕ್ಕೊಳ್ತೇನೆ."